ಸಾಹೇಬ ತಿಂದದ್ದು ಯಾವುದು

ನಮ್ಮ ಮನೆಯ ಟಗರಿಗೆ ಸಾಹೇಬ ಎಂದು ಹೆಸರಿಟ್ಟವರು ಮಾವ. ಮನಸ್ಸಿಗೆ ಬಂದಾಗ ಬರುತ್ತಾನೆ, ಮನೆಯನ್ನೆಲ್ಲ ಒಂದು ಸುತ್ತು ನೋಡುತ್ತಾನೆ, ಕಂಡದ್ದನ್ನು ತಿನ್ನುತ್ತಾನೆ, ಯಾರೂ ಏನೂ ಅನ್ನುವ ಹಾಗಿಲ್ಲ, ಎದ್ದು ಹೋಗುತ್ತಾನೆ. ಸಾಹೇಬನಲ್ಲದೆ ಇವನು ಇನ್ಯಾರು ಎಂಬುದು ಮಾವನ ವಾದ. ಅತ್ತೆಗೆ ಆ ಹೆಸರು ಸೇರುತ್ತಿರಲಿಲ್ಲ. ಅದು ದೇವರ ಟಗರು, ಬೀರಪ್ಪನ ಹೆಸರಿನಲ್ಲಿ ಬಿಟ್ಟದ್ದು. ಆದರೆ ಸಾವಳಗಿಯ ಅರ್ಧ ಊರು ಆಗಲೇ ಸಾಹೇಬ ಎನ್ನತೊಡಗಿತ್ತು. ಕೊನೆಗೆ ಅತ್ತೆ ‘ಸಾಹೇಬಪ್ಪ’ ಎಂಬಲ್ಲಿಗೆ ರಾಜಿಯಾದರು.

ಬಿಟ್ಟವರು ಅತ್ತೆಯೇ. ನನ್ನ ಗಂಡ ಪರಮೇಶ ಆಸ್ಪತ್ರೆಯಲ್ಲಿದ್ದಾಗ, ಮಗ ಎದ್ದು ಬಂದರೆ ಕರಿ ಮರಿಯೊಂದನ್ನು ಬಿಡುತ್ತೇನೆ ಎಂದು ಹರಕೆ ಹೊತ್ತರು. ಅವನು ಎದ್ದು ಬರಲಿಲ್ಲ. ಕಾರ್ಯ ಮುಗಿದ ಮರುದಿನ ಅತ್ತೆ ಕುರಿಹಟ್ಟಿಗೆ ಹೋಗಿ ಮರಿಯೊಂದನ್ನು ಆರಿಸಿದರು, ಹಣೆಗೆ ಭಂಡಾರ ಹಚ್ಚಿದರು, ಗುಡಿಯ ಮುಂದೆ ಬಿಟ್ಟು ಬಂದರು.

“ಅವ ಬರಲಿಲ್ಲಲ್ಲ, ಮತ್ತ್ಯಾಕ ಬಿಟ್ಟಿ?” ಎಂದು ಮಾವ ಕೇಳಿದರು.

“ದೇವರು ಮಾತು ತಪ್ಪಿದಾ ಅಂತ ನಾನೂ ತಪ್ಪಲೇನ?” ಎಂದರು ಅತ್ತೆ.

ಮೂರು ವರ್ಷವಾಯಿತು. ಮರಿ ಟಗರಾಯಿತು. ನಾನು ಊಟ ಮಾಡಿದೆ, ಜಮಖಂಡಿಯ ಬಸ್ಸು ಹತ್ತಿದೆ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿದೆ, ತಿರುಗಿ ಬಂದೆ.

ದೇವರ ಟಗರಿನ ಕಟ್ಟಳೆ ಸರಳ. ಅದನ್ನು ಹೊಡೆಯಬಾರದು, ತಿನ್ನುವಾಗ ಓಡಿಸಬಾರದು, ಎಂದಿಗೂ ಕಟ್ಟಬಾರದು. ಕೊರಳಿಗೆ ಹಗ್ಗ ಬಿದ್ದರೆ ಹರಕೆ ಮುರಿದಂತೆ. ಈ ಕಟ್ಟಳೆ ಸಾಹೇಬನಿಗೂ ಗೊತ್ತಿದೆ ಎಂದು ಪಕ್ಕದ ಮನೆಯ ಯಲ್ಲಕ್ಕನ ನಂಬಿಕೆ. ಅವಳು ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಸಂಡಿಗೆಯನ್ನು ಅವನು ಮೆಟ್ಟಿಲು ಹತ್ತಿ ಹೋಗಿ ತಿಂದಿದ್ದ. ಅವಳು ಕೆಳಗೆ ನಿಂತು ಕೈ ಮುಗಿದುಕೊಂಡೇ ಬೈದಿದ್ದಳು. ಪಂಚಾಯಿತಿಯ ಸನ್ಮಾನವೊಂದರಲ್ಲಿ ಅತಿಥಿಗಳ ಹಾರವನ್ನು ಅತಿಥಿಗಳ ಕೊರಳಿನಿಂದಲೇ ತಿಂದಿದ್ದ. ಅತಿಥಿಗಳು ಮೈಸೂರು ಕಡೆಯವರು. ಯಾರೂ ಯಾಕೆ ಬಿಡಿಸುತ್ತಿಲ್ಲ ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

2012ರ ಮುಂಗಾರಿನಲ್ಲಿ ನಾನು ಹಿತ್ತಲಲ್ಲಿ ಹನ್ನೆರಡು ನೀಲಿ ತೊಟ್ಟಿಗಳನ್ನು ಇಟ್ಟೆ. ಪಿಎಚ್.ಡಿ. ಕೆಲಸಕ್ಕೆ. ಮದುವೆಗೆ ಮುಂಚೆ ಹಿಡಿದು ನಡುವೆ ಬಿಟ್ಟಿದ್ದ ಕೆಲಸ ಅದು. ಗೈಡ್ ಆಗಿದ್ದ ಮೇಡಂ, ಪ್ರಯೋಗಾಲಯದಲ್ಲಿ ಮಾಡಿದ್ದನ್ನು ಒಮ್ಮೆ ನಿಮ್ಮ ಊರಿನ ಬಿಸಿಲಿನಲ್ಲಿ ಮಾಡಿ ತೋರಿಸು ಎಂದಿದ್ದರು. ದಸರೆಯ ಒಳಗೆ ಆಗದಿದ್ದರೆ ಮತ್ತೊಂದು ವರ್ಷ ಹೋದಂತೆಯೇ.

ಮಾವ ತೊಟ್ಟಿಗಳ ಸುತ್ತ ಒಂದು ಸುತ್ತು ಹಾಕಿದರು.

“ಏನವಾ ಭಾಗ್ಯಾ, ಇದು ಹಾವಸೆ ಅಲ್ಲೇನ? ನಮ್ಮ ಬಾವ್ಯಾಗ ಬೇಕಾದಷ್ಟ ಐತಿ. ತಂದು ಸಾಕೂದ ಏನೈತಿ ಇದರಾಗ?”

“ಹಾವಸೆ ಅಲ್ರಿ ಮಾವ. ಇದು ಗಿಡಾನ. ಲೆಮ್ನಾ ಅಂತಾರ. ಇದಕ್ಕ ಹೂವೂ ಬರತೈತಿ.”

“ಎಲ್ಲಿ ಹೂವು?”

“ಕಣ್ಣಿಗೆ ಕಾಣೂದಿಲ್ರಿ.”

“ಮತ್ತ ಇದಕ್ಕ ಏನೋ ಪುಡಿ ಹಾಕತೀನಿ ಅಂದೆಲ್ಲ, ಆ ಪುಡಿ ಎಲ್ಲೈತಿ?”

“ಅದೂ ಕಾಣೂದಿಲ್ರಿ. ತಾಮ್ರದ ಆಕ್ಸೈಡ್. ಭಾಳ ಸಣ್ಣಗ ಅರದಿರತಾರ. ನ್ಯಾನೊ ಅಂತಾರ.”

ಮಾವ ಅತ್ತೆಯ ಕಡೆ ತಿರುಗಿದರು. “ಕಾಣದಿರೋ ಹೂವಿಗೆ ಕಾಣದಿರೋ ಪುಡಿ ಹಾಕಾಕತ್ತಾಳ. ಕಾಣೂದು ತೊಟ್ಟಿ ಅಷ್ಟ ನೋಡು.”

ನನಗೆ ಆಗ ನಗು ಬರಬೇಕಿತ್ತು. ತಮಾಷೆಯ ಮಾತು ಎಂದು ತಿಳಿಯಿತು. ಅಷ್ಟೇ.

ಹೇಳಬೇಕಾದದ್ದನ್ನು ಅವರಿಗೆ ಹೇಳಿದೆ. ನಮ್ಮ ಕಡೆ ದ್ರಾಕ್ಷಿಗೆ ಬೂದಿ ರೋಗ, ಬೂಷ್ಟು ರೋಗ ಬಾರದ ಹಾಗೆ ತಾಮ್ರದ ಔಷಧ ಹೊಡೆಯುವುದು ಹಳೆಯ ಮಾತು. ಈಗ ಅದನ್ನೇ ಇನ್ನೂ ನುಣ್ಣಗೆ ಮಾಡಿ ಮಾರುವವರು ಬರತೊಡಗಿದ್ದಾರೆ. ಎಲೆಗೆ ಹೊಡೆದದ್ದು ಮಳೆಗೆ ತೊಳೆದು ಹಳ್ಳಕ್ಕೆ, ಕಾಲುವೆಗೆ, ಹಿನ್ನೀರಿಗೆ ಹೋಗುತ್ತದೆ. ಅಲ್ಲಿ ಏನಾಗುತ್ತದೆ ಎಂದು ಮೊದಲು ಹೇಳಬಲ್ಲದ್ದು ಈ ಗಿಡ. ಹೆಸರಬೇಳೆಯಷ್ಟು ಎಲೆ, ದಾರದಂಥ ಒಂದು ಬೇರು. ತನಗೆ ಬೇಕಾದದ್ದನ್ನೆಲ್ಲ ನೀರಿನಿಂದಲೇ ಕುಡಿಯುತ್ತದೆ, ಆದ್ದರಿಂದ ನೀರು ಕೆಟ್ಟರೆ ಇದು ಮುಚ್ಚಿಡುವುದಿಲ್ಲ. ಒಳ್ಳೆಯ ನೀರಿನಲ್ಲಿ ತಾಯಿ ಎಲೆಯ ಮಗ್ಗುಲಿಗೆ ಮರಿ ಎಲೆ ಹುಟ್ಟಿ, ಮೂರು ನಾಲ್ಕು ಒಂದಕ್ಕೊಂದು ಅಂಟಿಕೊಂಡು ತೇಲುತ್ತವೆ. ತಾಮ್ರ ಹೆಚ್ಚಾದರೆ ಹಳದಿಯಾಗುತ್ತವೆ, ಬೇರು ಉದುರಿಸುತ್ತವೆ, ಒಂದನ್ನೊಂದು ಬಿಟ್ಟು ಒಂಟಿಯಾಗುತ್ತವೆ.

“ಮನಿ ಒಡಿತಾವ ಅನ್ನು,” ಎಂದರು ಅತ್ತೆ.

“ಹೌದ್ರಿ.”

“ನಮ್ಮ ಕಸ್ತೂರೆವ್ವನ ಮಕ್ಕಳು ಹ್ವಾದ ವರ್ಷ ಒಡದರು. ಅವರ ನೀರಾಗ ಏನಿತ್ತೋ.”

ನಾಲ್ಕು ತೊಟ್ಟಿಯಲ್ಲಿ ಬರೀ ನೀರು. ನಾಲ್ಕರಲ್ಲಿ ಸ್ವಲ್ಪ ತಾಮ್ರ. ನಾಲ್ಕರಲ್ಲಿ ಹೆಚ್ಚು. ಬಿಸಿಲು, ನೆರಳು ಎಲ್ಲಕ್ಕೂ ಸಮನಾಗಿ ಸಿಗಲೆಂದು ತೊಟ್ಟಿಗಳ ಜಾಗ ಅದಲು ಬದಲು ಮಾಡಿ ಇಟ್ಟಿದ್ದೆ. ಯಾವುದು ಯಾವುದೆಂದು ತೊಟ್ಟಿಯ ಮಗ್ಗುಲಿಗೆ ಸೀಮೆಸುಣ್ಣದಿಂದ ಬರೆದಿದ್ದೆ. ಎಲ್ಲ ಗಿಡಗಳೂ ಒಂದೇ ತಾಯಿಯ ಮಕ್ಕಳು. ಬೀಳಗಿಯ ಹಿನ್ನೀರಿನ ಅಂಚಿನಿಂದ ತಂದ ಒಂದು ಗಿಡವನ್ನು ಕಾಲೇಜಿನ ಗಾಜಿನ ಪಾತ್ರೆಯಲ್ಲಿ ವರ್ಷವಿಡೀ ಬೆಳೆಸಿ ಮಾಡಿದ ಸಂಸಾರ. ಬೇಸಿಗೆ ರಜೆಗೆ ಸ್ವಲ್ಪ ಗಿಡ ಮನೆಗೆ ತಂದಿದ್ದೆ, ರಜೆಯಲ್ಲಿ ಆ ಪಾತ್ರೆ ಒಣಗಿತು. ಉಳಿದದ್ದು ಈ ತೊಟ್ಟಿಗಳಲ್ಲಿ ಇದ್ದಷ್ಟೇ. ಬೇರೆ ಗಿಡ ತಂದರೆ ಹಿಂದಿನ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ.

ಸಾಹೇಬ ಬಾರದಿರಲೆಂದು ಮಾವ ಸುತ್ತಲೂ ಜಾಲಿ ಮುಳ್ಳಿನ ಬೇಲಿ ಹಾಕಿಕೊಟ್ಟರು. ಟಗರನ್ನು ಕಟ್ಟಬಾರದು, ತೊಟ್ಟಿಯನ್ನು ಕಟ್ಟಬಹುದು ಎಂದು ಅವರ ತೀರ್ಮಾನ. ಸಾಹೇಬ ದಿನವೂ ಬಂದು ಬೇಲಿಯ ಆಚೆ ನಿಂತು ನೋಡಿ ಹೋಗುತ್ತಿದ್ದ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಪ್ರಯೋಗ ಮುಗಿಯಲು ಕೆಲವೇ ದಿನ ಉಳಿದಿತ್ತು. ಮಧ್ಯಾಹ್ನ ಮನೆಗೆ ಬಂದಾಗ ಅಂಗಳ, ಹಿತ್ತಲು ಎಲ್ಲ ಸೆಗಣಿ ಸಾರಿಸಿ ಹಸಿ ಹಸಿಯಾಗಿ ಹೊಳೆಯುತ್ತಿತ್ತು. ಗೋಡೆಯ ಮಾಡದಲ್ಲಿ ಮಣ್ಣಿನ ಎತ್ತುಗಳು ಒಣಗುತ್ತಿದ್ದವು. ಬೇಲಿಯ ಮುಳ್ಳು ಗೋಡೆಗೆ ಒರಗಿತ್ತು. ತೊಟ್ಟಿಗಳು ಒಂದರೊಳಗೊಂದು ಕೂತು, ಬೋರಲಾಗಿ, ಬೂದಿ ಹಚ್ಚಿ ತಿಕ್ಕಿದ ಹೊಳಪಿನಲ್ಲಿ ಒಂದು ನೀಲಿ ಗೋಪುರವಾಗಿ ನಿಂತಿದ್ದವು. ಸೀಮೆಸುಣ್ಣದ ಗುರುತು ಒಂದೂ ಇರಲಿಲ್ಲ.

ನಾನು ಚೀಲ ಕೆಳಗಿಟ್ಟೆ.

“ಬಂದೀ?” ಎಂದು ಅತ್ತೆ ಒಳಗಿನಿಂದ ಬಂದರು. ಮುಖದಲ್ಲಿ ಹಬ್ಬದ ಕಳೆ ಇತ್ತು, ಅದರ ಹಿಂದೆ ಒಂದು ಸಣ್ಣ ಅಳುಕೂ ಇತ್ತು. “ಸಿಟ್ಟಾಗಬ್ಯಾಡ ಭಾಗ್ಯಾ. ಅಮಾಸಿ ಅಲ್ಲ, ಹಿತ್ತಲಾ ಸಾರಸಬೇಕಂತ ಬೇಲಿ ತಗದಿದ್ನಿ. ಗುಡಿಗೆ ಕಾಯಿ ಒಡಿಸಿಕೊಂಡು ಬರೂದ್ರಾಗ ಸಾಹೇಬಪ್ಪ ಬಂದಿದ್ದ. ತಿಂದು ಎಲ್ಲಾ ಕೆಡವಿ ಇಟ್ಟಿದ್ದ. ಬಿದ್ದಿದ್ದು ಬಳದು ತಿಪ್ಪಿಗೆ ಹಾಕಿದ್ನಿ. ಅಮಾಸಿ ದಿನಾ ಹರವಿಕೊಂಡು ಬೀಳಬಾರದಲ್ಲ, ಅದಕ್ಕ ತೊಳದು ಇಟ್ಟೇನಿ.”

“ಅವನು ತಿಂದದ್ದು ಯಾವ ತೊಟ್ಟಿಯದ್ರಿ?”

“ಯಾವುದಂದ್ರ? ನಾ ಬರೂದ್ರಾಗ ಎಲ್ಲಾ ಬರಿದು. ಅಮಾಸಿ ದಿನಾ ತಾನ ಮನಿಗೆ ಬಂದಾನ ಅಂತ ನಾ ಮೈತುಂಬ ಭಂಡಾರ ಹಾಕಿ ಕೈ ಮುಗದ್ನಿ. ಹೋದಾ.”

“ತಾಮ್ರದ ತೊಟ್ಟಿಯದು ತಿಂದಿದ್ರ...”

“ತಾಮ್ರ ಛಲೋ ಅಲ್ಲೇನವಾ? ನಿಮ್ಮ ಮಾವ ದಿನಾ ತಾಮ್ರದ ತಂಬಿಗ್ಯಾಗಿನ ನೀರು ಕುಡಿತಾರ. ಅವರಿಗೇನಾಗೇತಿ?”

ಮಾವ ಕಟ್ಟೆಯ ಮೇಲೆ ಆ ತಂಬಿಗೆಯನ್ನೇ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು.

“ಮನುಷ್ಯಾರಿಗೆ ಅಷ್ಟ ಏನಾಗೂದಿಲ್ರಿ,” ಎಂದೆ. “ಕುರಿಗೆ ಆಗತೈತಿ. ಕುರಿ ತಾಮ್ರಾನ ಹೊರಗ ಹಾಕೂದಿಲ್ಲ. ಪಿತ್ತಜನಕದಾಗ ಕೂಡಿಸಿ ಇಟ್ಟುಕೊಂತೈತಿ. ಹೆಚ್ಚಾದ್ರ ಒಮ್ಮಿಗೇ ಸಾಯತೈತಿ.”

ಅತ್ತೆ ಕೆಳಗೆ ಕೂತರು. ಹಬ್ಬದ ಹೊಸ ಸೀರೆ ಹಸಿ ಸೆಗಣಿಗೆ ತಾಗಿದ್ದೂ ಅವರಿಗೆ ತಿಳಿದಂತಿರಲಿಲ್ಲ. ಅವರು ಹೀಗೆ ಕೂತದ್ದನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ.

ಜಮಖಂಡಿಯ ದನದ ಡಾಕ್ಟರ್ ರಾಮಲಿಂಗಪ್ಪ ಮಾವನಿಗೆ ಪರಿಚಯ. ಫೋನು ಹಚ್ಚಿದೆ.

“ಎಷ್ಟ ತಿಂದೈತ್ರಿ?”

ಹೇಳಿದೆ. ನೀರಿಗೆ ಹಾಕಿದ ತಾಮ್ರ, ಗಿಡ ಹೀರಬಹುದಾದದ್ದು, ಟಗರಿನ ತೂಕ. ಬಸ್ಸಿನ ಟಿಕೆಟ್ಟಿನ ಹಿಂದೆ ಲೆಕ್ಕ ಮಾಡಿದರೆ ಅಪಾಯದ ಗೆರೆಗಿಂತ ಕೆಳಗೇ ಬರುತ್ತಿತ್ತು. ಆದರೆ ಆ ಗೆರೆ ಎಳೆದದ್ದು ಸಾಮಾನ್ಯ ತಾಮ್ರಕ್ಕೆ. ಇಷ್ಟು ನುಣುಪಾದದ್ದು ಟಗರಿನ ಹೊಟ್ಟೆಯಲ್ಲಿ ಏನು ಮಾಡುತ್ತದೆ ಎಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

“ನೋಡ್ರಿ ಮೇಡಮ್ಮಾರ,” ಎಂದರು ಡಾಕ್ಟರ್, “ಬರೀ ನೀರಿಂದು ತಿಂದಿದ್ರ ಒಂದ ತಂಬಿಗಿ ತಂಪು ನೀರು ಕುಡಿಸಿ ಸುಮ್ಮನ ಇರ್ರಿ. ತಾಮ್ರದ್ದು ತಿಂದಿದ್ರ ಇಲ್ಲಿ ತರ್ರಿ. ಕಟ್ಟಿ ಹಾಕಿ ನಳಗಿ ಇಳಿಸಿ ಹೊಟ್ಟಿ ತೊಳೀಬೇಕು. ಆಮ್ಯಾಲೆ ಒಂದೆರಡು ವಾರ ಇಲ್ಲೇ ಕಟ್ಟಿ ಔಷಧ ಹಾಕತೇನಿ. ಯಾವುದು ತಿಂದೈತಿ ಅಷ್ಟ ಹೇಳ್ರಿ ನನಗ.”

ಅದನ್ನು ಅತ್ತೆಗೆ ಹೇಳಿದೆ.

“ಕಟ್ಟಿ?” ಎಂದರು.

“ಹೌದ್ರಿ.”

“ಕಟ್ಟಿದ್ರ ಹರಕಿ ಹೋತು. ಕಟ್ಟದಿದ್ರ ಅವನ ಹೋದ.” ಮಾವನ ಕಡೆ ನೋಡಿದರು. “ಕೊಟ್ಟ ಮಾತು ಅದೊಂದ ಉಳದೈತಿ ನನ್ನ ಕಡೆ, ಪರಮೇಶಂದು.”

ಮಾವ ತಂಬಿಗೆಯನ್ನು ತೆಗೆದು ಒಳಗಿಟ್ಟು ಬಂದು ಚಪ್ಪಲಿ ಹಾಕಿಕೊಂಡರು. “ಮೊದಲ ಅವನ್ನ ಹುಡುಕೂಣ. ಬದುಕಿರೋ ಮುಂದ ಅಳೂದು ಯಾಕ?”

ನಾನು ತಿಪ್ಪೆಯನ್ನೊಮ್ಮೆ ಕೆದಕಿ ನೋಡಿದೆ. ಎಲ್ಲ ಸೆಗಣಿಯಲ್ಲಿ ಕಲಸಿ ಹೋಗಿತ್ತು. ಇನ್ನು ಇದ್ದ ಸಾಕ್ಷಿ ಸಾಹೇಬ ಒಬ್ಬನೇ. ಲೆಮ್ನಾದ ಒಂದು ಗುಣವೆಂದರೆ ಅದು ಅಂಟಿಕೊಳ್ಳುತ್ತದೆ. ಒಂದು ಕೊಳದಿಂದ ಇನ್ನೊಂದು ಕೊಳಕ್ಕೆ ಹಕ್ಕಿಯ ಕಾಲಿಗೆ ಅಂಟಿಕೊಂಡೇ ಹೋಗುತ್ತದೆ. ತೊಟ್ಟಿಗೆ ಮುಖ ಹಾಕಿ ತಿಂದ ಟಗರಿನ ಎದೆಯ ಉಣ್ಣೆಯಲ್ಲಿ ಅದು ಇರಲೇಬೇಕು. ನಾನು ಭೂತಗನ್ನಡಿಯನ್ನು ತೆಗೆದುಕೊಂಡೆ.

ಮೂವರೂ ಹೊರಟೆವು. ಯಲ್ಲಕ್ಕ ಬಾಗಿಲಲ್ಲಿದ್ದಳು.

“ಎತ್ತಾಗ ಹೊಂಟೀರಿ ಹಬ್ಬದಾಗ, ಮನಿಮಂದಿಯೆಲ್ಲಾ?”

“ಸಾಹೇಬನ ನೋಡೀ ಏನ?” ಎಂದರು ಮಾವ.

“ಈಗ ನಮ್ಮ ಮನ್ಯಾಗ ಎರಡ ಹೋಳಿಗಿ ತಿಂದ್ನಲ್ಲ. ಮೂರನೇದು ಕೊಡಲಿಲ್ಲಂತ ನನ್ನ ಸೆರಗ ಅಗೀಲಾಕ ಹತ್ತಿದ. ಯಾಕ, ಏನಾತು?”

ಅತ್ತೆ ಹೇಳಿದರು. ಯಲ್ಲಕ್ಕ ಬಾಗಿಲು ಎಳೆದುಕೊಂಡು ನಮ್ಮ ಜೊತೆ ಬಂದಳು. ಸಂಡಿಗೆಯ ಸಿಟ್ಟು ಅವಳಿಗೆ ಇನ್ನೂ ಇತ್ತು. “ಆ ಹೊಟ್ಟಿಬಾಕಗ ಏನೂ ಆಗೂದಿಲ್ಲ ತಗೋ,” ಎನ್ನುತ್ತಲೇ ನಮ್ಮೆಲ್ಲರಿಗಿಂತ ಮುಂದೆ ನಡೆದಳು.

ದಾರಿಯಲ್ಲಿ ನನ್ನ ತಲೆಯಲ್ಲಿ ಒಂದು ವಿಚಾರ ಸುತ್ತುತ್ತಿತ್ತು. ಅವನು ಬರೀ ನೀರಿನ ಗಿಡ ತಿಂದಿದ್ದರೆ ಅವನಿಗೇನೂ ಆಗುವುದಿಲ್ಲ. ಹಾಗಾಗಿದ್ದರೆ ನನ್ನ ಒಳ್ಳೆಯ ಗಿಡ ಒಂದೂ ಉಳಿಯಲಿಲ್ಲ, ವರ್ಷದ ಕೆಲಸವೂ ಅವುಗಳ ಜೊತೆಗೆ ಹೋಯಿತು. ಯಾವುದಾಗಲಿ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ನಾನು ಒಂದೇ ಮಾತು ಹೇಳಿಕೊಳ್ಳುತ್ತಿದ್ದೆ. ಒಳ್ಳೆಯದನ್ನೇ ತಿಂದಿರು. ಪೂರಾ ತಿಂದಿರು. ಒಂದೂ ಬಿಡದೆ ತಿಂದಿರು. ಇಷ್ಟು ಜೋರಾಗಿ ನಾನು ಏನನ್ನಾದರೂ ಬೇಡಿ ಬಹಳ ದಿನಗಳಾಗಿದ್ದವು. ಗುಡಿ ತಲುಪುವಾಗ ಏದುಸಿರು ಬರುತ್ತಿತ್ತು. ಓಡುತ್ತಿದ್ದೆ ಎಂದು ಆಗ ಗೊತ್ತಾಯಿತು.

ಸಾಹೇಬ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಮಲಗಿದ್ದ. ಪಕ್ಕದಲ್ಲಿ ಪೂಜಾರಿ ಯಲ್ಲಾಲಿಂಗ ತಂಬಾಕು ತಿಕ್ಕುತ್ತ ಕೂತಿದ್ದ. ಇಬ್ಬರೂ ಒಂದೇ ಕಡೆ ನೋಡುತ್ತ ಕೂತ ರೀತಿಗೆ, ಈಗಷ್ಟೇ ಯಾವುದೋ ವ್ಯವಹಾರದ ಮಾತು ಮುಗಿಸಿದವರಂತೆ ಕಾಣುತ್ತಿದ್ದರು.

“ಎಲ್ಲಾರೂ ಕೂಡಿ ಬಂದ್ರೆಲ್ಲ. ಬರ್ರಿ ಬರ್ರಿ,” ಎಂದ ಯಲ್ಲಾಲಿಂಗ. “ಕಾಯಿ ಮತ್ತೊಂದು ತಂದೀರೇನು?”

“ಕಾಯಿ ಆಮ್ಯಾಲೆ. ಮೊದಲ ಟಗರು ನಿಂದರಸು,” ಎಂದರು ಮಾವ.

“ನಿಂದರಸಾಕ ನಾ ಯಾರೋ? ಅವನು ದೇವರವ.”

ಅತ್ತೆ ಸೆರಗಿನ ಗಂಟಿನಿಂದ ಬೆಲ್ಲದ ತುಣುಕೊಂದನ್ನು ತೆಗೆದು ಅಂಗೈಯಲ್ಲಿ ಹಿಡಿದರು. ಸಾಹೇಬ ಎದ್ದು ನಿಂತ. ಅವನು ಅವರ ಅಂಗೈ ನೆಕ್ಕುತ್ತಿರುವಾಗ ನಾನು ಮಂಡಿಯೂರಿ ಎದೆಯ ಉಣ್ಣೆಯನ್ನು ಬಿಡಿಸಿ ನೋಡಿದೆ. ಲೆಮ್ನಾ ಇತ್ತು. ಕರಿ ಉಣ್ಣೆಯ ತುದಿಗಳಲ್ಲಿ ಅಲ್ಲಲ್ಲಿ ಸಿಕ್ಕಿಕೊಂಡಿತ್ತು.

ಎಲ್ಲವೂ ಹಳದಿ.

ಇನ್ನೊಂದು ಕಡೆ ಬಿಡಿಸಿದೆ. ಅಲ್ಲಿಯೂ ಹಳದಿ. ಗದ್ದದ ಕೆಳಗೆ, ಕೊರಳಿನ ಮಡಿಕೆಯಲ್ಲಿ, ಎಲ್ಲೆಲ್ಲೂ ಹಳದಿ ಚುಕ್ಕೆ.

“ಏನೈತಿ? ಹೇಳಬೇ,” ಎಂದರು ಅತ್ತೆ.

ನನ್ನ ಮುಖ ನೋಡಿ ಅವರಿಗೆ ತಿಳಿಯಿತು. ಬೆಲ್ಲದ ಕೈ ಹಾಗೇ ಇತ್ತು. ಇನ್ನೊಂದು ಕೈಯಿಂದ ಟಗರಿನ ಕೊಂಬು ಹಿಡಿದುಕೊಂಡರು, ಕಟ್ಟುವಂತೆಯೂ ಅಲ್ಲ, ಬಿಡುವಂತೆಯೂ ಅಲ್ಲ. ಮಾವ ಜಮಖಂಡಿಗೆ ಯಾವ ಗಾಡಿ ಸಿಗುತ್ತದೆ ಎಂದು ರಸ್ತೆಯ ಕಡೆ ನೋಡಿದರು.

ಕೈ ಒರೆಸಿಕೊಳ್ಳಲು ಸೀರೆ ಮುಟ್ಟಿದೆ. ಸೀರೆಯ ಮೇಲೆ ಹಳದಿ ಗುರುತು ಬಿತ್ತು. ಬೆರಳು ನೋಡಿದೆ. ಬೆರಳೂ ಹಳದಿ. ಟಗರಿನ ಹಣೆ, ಕಿವಿ, ಕೊರಳು, ಬೆನ್ನು, ಎಲ್ಲ ಹಳದಿ. ಅತ್ತೆ ಮೈತುಂಬ ಭಂಡಾರ ಹಾಕಿದ್ದರು. ಗುಡಿಗೆ ಬಂದವರೆಲ್ಲ ಬೆಳಗಿನಿಂದ ಹಾಕಿದ್ದರು. ಭಂಡಾರವೆಂದರೆ ಅರಿಶಿನದ ಪುಡಿ.

“ಯಲ್ಲಾಲಿಂಗ,” ಎಂದೆ, “ನಿನ್ನ ಸುಣ್ಣದ ಡಬ್ಬಿ ಕೊಡಪಾ.”

“ಅಕ್ಕಾರ, ನೀವೂ ತಂಬಾಕು ಹಾಕತೀರೇನ್ರಿ?”

“ಕೊಡೋ ಲೇ, ಕೇಳಾಕತ್ತಾಳಲ್ಲ,” ಎಂದಳು ಯಲ್ಲಕ್ಕ.

ಒಂದು ಹಳದಿ ಎಲೆಯನ್ನು ಅಂಗೈಯಲ್ಲಿಟ್ಟು, ಉಗುರಿನ ತುದಿಯಿಂದ ಒಂದಿಷ್ಟು ಹಸಿ ಸುಣ್ಣ ಮುಟ್ಟಿಸಿದೆ. ಎಲೆ ತಾನಾಗಿಯೇ ಹಳದಿಯಾಗಿದ್ದರೆ ಹಳದಿಯಾಗಿಯೇ ಇರಬೇಕು. ಅರಿಶಿನವಾಗಿದ್ದರೆ ಏನಾಗುತ್ತದೆ ಎಂದು ಓಕುಳಿ ಆಡಿದವರಿಗೆಲ್ಲ ಗೊತ್ತು.

ಕೆಂಪಾಯಿತು. ಕುಂಕುಮದಂತೆ ಕೆಂಪಾಯಿತು.

ಗುಡಿಯ ಮುಂದಿನ ಕೊಡದಿಂದ ನೀರು ತಂದು ಟಗರಿನ ಎದೆಗೆ ಮೆಲ್ಲಗೆ ಹನಿಸಿದೆ. ಹಳದಿ ಇಳಿದು ಹೋಯಿತು. ಕೆಳಗಿದ್ದದ್ದು ಹಸಿರು. ಒಂದು ಗೊಂಚಲನ್ನು ಬಿಡಿಸಿ ಭೂತಗನ್ನಡಿಯ ಕೆಳಗೆ ಹಿಡಿದೆ. ತಾಯಿ ಎಲೆ, ಎರಡು ಮಕ್ಕಳು, ಮೂಡುತ್ತಿದ್ದ ಇನ್ನೊಂದು. ಬಾಲದಂಥ ಬೇರು. ಇನ್ನೊಂದು ಗೊಂಚಲು. ಅದೂ ಹಾಗೆಯೇ. ಎದೆಯ ತುಂಬ ಹಾಗೆಯೇ. ಮೂಗಿನ ಬದಿಗೆ ಮಾತ್ರ ಬೇರಿಲ್ಲದ ಒಂಟಿ ಎಲೆಯೊಂದು ಸಿಕ್ಕಿತು, ಖರೆಯಾಗಿಯೂ ಹಳದಿಯಾಗಿದ್ದದ್ದು. ತಾಮ್ರದ ತೊಟ್ಟಿಯನ್ನು ಮೂಸಿದ್ದಾನೆ. ಮೂಸಿ ಬಿಟ್ಟಿದ್ದಾನೆ. ರುಚಿ ಹಿಡಿಸಲಿಲ್ಲವೆಂದು ಕೆಡವಿದ್ದಾನೆ.

“ಒಳ್ಳೇದನ್ನ ಅಷ್ಟ ತಿಂದಾನ್ರಿ ಅತ್ತಿ,” ಎಂದೆ. “ಒಂದೂ ಬಿಟ್ಟಿಲ್ಲ.”

ಅತ್ತೆ ಕೊಂಬು ಬಿಟ್ಟರು. ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. “ತಿನ್ನಾಕ ಕುಂತ್ರ ಯಾವಾಗರೆ ಬಿಟ್ಟಾನೇನು ಅವ,” ಎಂದರು.

“ಹೋಳಿಗಿ ಬಿಟ್ಟನ? ಸಂಡಿಗಿ ಬಿಟ್ಟನ?” ಎಂದಳು ಯಲ್ಲಕ್ಕ. “ಹಾಳಾದ್ದು ಮಾತ್ರ ಮೂಸಿ ಬಿಡತಾನ. ಇವನ್ನ ಸಂತಿಗೆ ಕರಕೊಂಡು ಹೋಗಬೇಕ ನೋಡ್ರಿ, ಕಾಯಿಪಲ್ಲೆ ಆರಿಸಾಕ.”

“ಅಂದ್ರ ಭಾಗ್ಯಾ,” ಎಂದರು ಮಾವ, “ನೀ ಎರಡ ವಾರ ಎಣಿಸಿ ನೋಡಬೇಕಂದಿದ್ದನ್ನ ಇವ ಒಂದ ತಾಸಿನ್ಯಾಗ ತಿಂದು ನೋಡಿದಾ. ನಿಮ್ಮ ಮೇಡಮ್ಮಾರಿಗೆ ಹೇಳು, ಇವಗ ಡಾಕ್ಟರ ಪದವಿ ಕೊಡ್ರಿ ಅಂತ.”

ನನಗೆ ನಗು ಬಂತು. ತಮಾಷೆ ಎಂದು ತಿಳಿಯುವ ಮೊದಲೇ ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ಗುಡಿಯ ಮುಂದೆ ಮಂಡಿಯೂರಿ, ಒಂದು ಕೈಯಲ್ಲಿ ಸುಣ್ಣ, ಇನ್ನೊಂದು ಕೈಯಲ್ಲಿ ಟಗರಿನ ಉಣ್ಣೆ, ಮೂಗಿನಲ್ಲಿ ನೀರು. ಯಲ್ಲಾಲಿಂಗ ತನ್ನ ಸುಣ್ಣದ ಡಬ್ಬಿಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಟಗರಿನ ಬೆನ್ನಿನಿಂದ ಒಂದು ಚಿಟಿಕೆ ಭಂಡಾರ ತೆಗೆದು ನನ್ನ ಹಣೆಗೆ ಹಚ್ಚಿದರು.

ಡಾಕ್ಟರಿಗೆ ಫೋನು ಮಾಡಿ ಕಂಡದ್ದನ್ನೆಲ್ಲ ಹೇಳಿದೆ, ಆ ಒಂಟಿ ಎಲೆಯದನ್ನೂ.

“ಸುಣ್ಣಾ ಹಚ್ಚಿ ನೋಡಿದ್ರಿ?” ಎಂದು ಅವರು ಎರಡು ಸಲ ಕೇಳಿದರು. “ಒಂದ ಎಲಿಗೆ ಏನೂ ಆಗೂದಿಲ್ಲ. ಕಟ್ಟೂದು ಬ್ಯಾಡ ಏನು ಬ್ಯಾಡ. ನಾಲ್ಕ ದಿನ ಕಣ್ಣಿಟ್ಟಿರ್ರಿ ಅಷ್ಟ. ಮೇವು ಬಿಟ್ಟರ ಹೇಳ್ರಿ.”

“ಮೇವು ಬಿಡೂ ಪೈಕಿ ಅಲ್ರಿ ಇವ,” ಎಂದು ಮಾವ ನನ್ನ ಕಿವಿಯ ಪಕ್ಕದಿಂದಲೇ ಫೋನಿಗೆ ಕೂಗಿದರು.

ಎಲ್ಲರೂ ಏಳುವಾಗ ಅತ್ತೆ ಒಮ್ಮೆಲೇ ನಿಂತರು. “ನಿಂದು ಏನಾತು ಮತ್ತ? ಒಳ್ಳೇದೆಲ್ಲಾ ಇವ ತಿಂದಾ ಅಂದ್ರ ನಿನ್ನ ಓದು?”

“ಹೋತ್ರಿ.”

“ಹೋತು ಅಂತ ನಕ್ಕೊಂತ ಹೇಳತಿಯಲ್ಲಬೇ.”

ಆಗ ನಾನು ಸಾಹೇಬನ ಎದೆಯನ್ನು ಇನ್ನೊಮ್ಮೆ ನೋಡಿದೆ. ಅವನ ಉಣ್ಣೆ ದಟ್ಟ. ತೊಟ್ಟಿಗೆ ಮುಖ ಹಾಕಿದಾಗ ಒದ್ದೆಯಾದದ್ದು ಒಳಗೆ ಇನ್ನೂ ಆರಿರಲಿಲ್ಲ. ಹೊರಗಿನ ಎಲೆಗಳು ಬಾಡಿದ್ದವು. ಬುಡದಲ್ಲಿದ್ದವು ಬಾಡಿರಲಿಲ್ಲ. ಬೀಳಗಿಯ ಹಿನ್ನೀರಿನಿಂದ ಬಂದ ಆ ಒಂದು ತಾಯಿಯ ಒಳ್ಳೆಯ ಮಕ್ಕಳಲ್ಲಿ ಅವನು ತಿನ್ನಲಾರದೆ ಉಳಿದವು ಅಲ್ಲಿ ಕೂತಿದ್ದವು, ಅವನ ಬಾಯಿಗೆ ಸಿಗದ ಒಂದೇ ಜಾಗದಲ್ಲಿ.

“ಯಾರರೆ ಒಂದು ತಂಬಿಗಿ ನೀರು ಕೊಡ್ರಿ,” ಎಂದೆ. “ತಾಮ್ರದ್ದು ಬ್ಯಾಡ.”

ಯಲ್ಲಾಲಿಂಗ ಗುಡಿಯ ಸ್ಟೀಲಿನ ತಂಬಿಗೆ ತಂದ. ಅತ್ತೆ ಬೆಲ್ಲ ಮುಗಿಸಿ ಪ್ರಸಾದದ ಕೊಬ್ಬರಿಗೆ ಕೈ ಹಾಕಿದರು. ಸಾಹೇಬ ಕೊಬ್ಬರಿ ತಿನ್ನುತ್ತ ನಿಂತ. ನಾನೂ ಯಲ್ಲಕ್ಕನೂ ಎರಡು ಬದಿಗೆ ಕೂತು ಉಣ್ಣೆ ಬಿಡಿಸಿ, ಹೇನು ಆರಿಸಿದಂತೆ ಆರಿಸಿ, ಒಂದೊಂದೇ ಗೊಂಚಲನ್ನು ನೀರಿಗೆ ಬಿಟ್ಟೆವು. ಯಲ್ಲಕ್ಕನ ಕಣ್ಣು ನನಗಿಂತ ಚುರುಕು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ದೇವರ ಟಗರಿಗೆ ಹೊಸ ಸೇವೆಯೊಂದು ಶುರುವಾಗಿದೆ ಎಂದುಕೊಂಡು ಒಬ್ಬರು ಕೈ ಮುಗಿದು ಹೋದರು.

ತಂಬಿಗೆಯನ್ನು ಮನೆಯವರೆಗೆ ಅತ್ತೆಯೇ ಹಿಡಿದುಕೊಂಡು ಬಂದರು. ನೀರು ತುಳುಕದ ಹಾಗೆ, ಮೆಲ್ಲಗೆ.

ನಾನು ಗಿಡಗಳನ್ನು ಮೂರು ನೀರಿನಲ್ಲಿ ತೊಳೆದೆ. ಕೆಲವು ಸತ್ತವು. ಹೆಚ್ಚಿನವು ಉಳಿದವು. ಒಳ್ಳೆಯ ನೀರು, ಒಳ್ಳೆಯ ಬಿಸಿಲು ಸಿಕ್ಕರೆ ಈ ಗಿಡ ಎರಡು ಮೂರು ದಿನಕ್ಕೆ ತನ್ನಷ್ಟೇ ಇನ್ನೊಂದಾಗುತ್ತದೆ. ಮೇಡಂಗೆ ಫೋನು ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಆಚೆ ಕಡೆಯಿಂದ ಮೂಗೆಳೆಯುವ ಸದ್ದು ಬಂತು. ಅವರು ಅಳುತ್ತಿದ್ದಾರೆಂದು ತಿಳಿದೆ. ಅವರು ನಗುತ್ತಿದ್ದರು. ದಸರೆಯವರೆಗೆ ಸಮಯವಿದೆ, ಮತ್ತೆ ಹಚ್ಚು ಎಂದರು.

ಶ್ರಾವಣದಲ್ಲಿ ಹನ್ನೆರಡೂ ತೊಟ್ಟಿ ಮತ್ತೆ ತುಂಬಿದವು. ಈ ಸಲ ಗುರುತನ್ನು ಬಣ್ಣದಲ್ಲಿ ಬರೆದೆ. ಅತ್ತೆ ಬೂದಿ ಹಚ್ಚಿ ತಿಕ್ಕಿ ನೋಡಿ, ಹೋಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು.

ಬೇಲಿ ಬೇಡವೆಂದದ್ದೂ ಅತ್ತೆಯೇ. “ಪಾಲು ಕೊಡಲಿಲ್ಲಂತ ತಿಂದಾನ ಅವ. ಕೊಟ್ಟಿದ್ರ ಯಾಕ ನುಗ್ಗತಿದ್ದ?” ಎಂದು ಜಮಖಂಡಿಯಿಂದ ಹದಿಮೂರನೆಯ ತೊಟ್ಟಿಯೊಂದನ್ನು ತರಿಸಿದರು. ಅದು ಬಾಗಿಲ ಹೊರಗೆ, ಕಟ್ಟೆಯ ಮಗ್ಗುಲಲ್ಲಿ. ಬರೀ ನೀರು, ಒಳ್ಳೆಯ ಗಿಡ. ಆದರೂ ಮಾವ ಬೇಲಿ ತೆಗೆಯಲಿಲ್ಲ. ದೇವರ ಮೇಲೆ ನಂಬಿಕೆ ಐತಿ, ಸಾಹೇಬನ ಮೇಲಿಲ್ಲ ಎಂದರು.

ಸಾಹೇಬ ಈಗ ದಿನ ಬೆಳಗಾದರೆ ಬರುತ್ತಾನೆ. ಮೊದಲು ಬೇಲಿಯವರೆಗೆ ಹೋಗಿ ಒಳಗಿನ ಹನ್ನೆರಡನ್ನೂ ನೋಡುತ್ತಾನೆ. ಆಮೇಲೆ ಬಾಗಿಲಿಗೆ ಬಂದು ತನ್ನ ತೊಟ್ಟಿಗೆ ಮುಖ ಹಾಕುತ್ತಾನೆ. ಅವನು ಎದ್ದು ಹೋಗುವ ಮುಂಚೆ ಅತ್ತೆ ಅವನ ಎದೆಯ ಉಣ್ಣೆಯನ್ನು ಬೆರಳಿನಿಂದ ಬಿಡಿಸಿ, ಅಂಟಿಕೊಂಡ ಗಿಡಗಳನ್ನು ಆರಿಸಿ ತೊಟ್ಟಿಗೇ ಹಾಕುತ್ತಾರೆ.

“ಭಾಗ್ಯಾ, ಇವತ್ತ ನಾಲ್ಕು ಕೂಡಿದ್ದಾವ ನೋಡು,” ಎಂದು ಕರೆಯುತ್ತಾರೆ. ನಾನು ಬಸ್ಸಿಗೆ ಹೊರಟವಳು ಚೀಲ ಕೆಳಗಿಟ್ಟು ನೋಡಿ ಬರುತ್ತೇನೆ.